ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ: ಊರಿನ ಆಕ್ರೋಶ ಹುಟ್ಟುವುದು ಎಲ್ಲಿ, ಬೀಳುವುದು ಯಾರ ಮೇಲೆ?

2025ರ ಜುಲೈನಲ್ಲಿ ಮುಂಬೈ ಕನ್ನಡಿಗರ ಫೋನುಗಳಲ್ಲಿ ಎರಡು ವಿಡಿಯೊ ಜಾಸ್ತಿ ಓಡಾಡಿದವು. ಒಂದು ಮೀರಾ ರೋಡಿನದು. ಮರಾಠಿ ವಿಷಯಕ್ಕೆ ಮಾತು ಬೆಳೆದು, ತಿಂಡಿ ಅಂಗಡಿಯ ಮಾಲೀಕರೊಬ್ಬರ ಕೆನ್ನೆಗೆ ಪೆಟ್ಟು ಬಿತ್ತು. ಇನ್ನೊಂದು ಚರ್ಚ್‌ಗೇಟ್ ಕಡೆಯ ಆಕಾಶವಾಣಿ ಶಾಸಕರ ನಿವಾಸದ ಕ್ಯಾಂಟೀನಿನದು. ದಾಲ್ ಹಳಸಿದೆ ಅಂತ ಶಾಸಕರೊಬ್ಬರು ಅಲ್ಲಿನ ನೌಕರನಿಗೆ ಹೊಡೆದರು. ಆಮೇಲೆ ಮಾತು ದಾಲ್ ಬಿಟ್ಟು ದಕ್ಷಿಣದವರ ಹೋಟೆಲ್ ವ್ಯವಹಾರದ ಕಡೆ ತಿರುಗಿತು. ಅದೇ ವರ್ಷ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಭಾಷೆಯ ಜಗಳದಲ್ಲಿ ಬಸ್ ಕಂಡಕ್ಟರ್ ಒಬ್ಬರು ಪೆಟ್ಟು ತಿಂದಿದ್ದರು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರೊಬ್ಬರ ಮುಖಕ್ಕೆ ಮಸಿ ಬಳಿಯಲಾಗಿತ್ತು. ಎರಡು ರಾಜ್ಯಗಳ ನಡುವಿನ ಬಸ್‌ಗಳು ಕೆಲವು ದಿನ ನಿಂತೇ ಹೋಗಿದ್ದವು.

ಮಾಟುಂಗ, ಸಯನ್, ಸಾಂತಾಕ್ರೂಜ್ ಕಡೆ ಹೋಟೆಲ್ ನಡೆಸುವವರಿಗೆ, ಅಲ್ಲಿ ಸಪ್ಲೈಯರ್ ಆಗಿ ದುಡಿಯುವವರಿಗೆ ಇದು ದೂರದ ಸುದ್ದಿಯಲ್ಲ. ಗಲ್ಲಾದ ಮೇಲೆ ಕೂತವರಿಗೂ, ತಟ್ಟೆ ಎತ್ತುವ ಹುಡುಗನಿಗೂ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಜನರಿಗೆ ಇಷ್ಟೊಂದು ಸಿಟ್ಟು ಎಲ್ಲಿಂದ ಬರುತ್ತದೆ? ಬಂದದ್ದು ನಮ್ಮ ಮೇಲೇ ಯಾಕೆ ಬೀಳುತ್ತದೆ? ಇದಕ್ಕೆ ಉತ್ತರ ಬೇಕಾದರೆ ಒಬ್ಬರ ಮನಸ್ಸಿನ ಸಿಟ್ಟು ಊರಿನ ಆಕ್ರೋಶವಾಗಿ ಬೆಳೆಯುವ ದಾರಿಯನ್ನು ಬುಡದಿಂದ ನೋಡಬೇಕು.

ನಷ್ಟಕ್ಕಿಂತ ಅವಮಾನ

ಕಾಲು ಜಾರಿ ಬಿದ್ದರೆ ನೋವಾಗುತ್ತದೆ, ಸಿಟ್ಟು ಬರುವುದು ಕಡಿಮೆ. ಯಾರೋ ಬೇಕಂತಲೇ ತಳ್ಳಿದರು ಅನ್ನಿಸಿದರೆ ನೋವು ಅಷ್ಟೇ ಇದ್ದರೂ ಸಿಟ್ಟು ಉಕ್ಕುತ್ತದೆ. ಗ್ರೀಕ್ ಚಿಂತಕ ಅರಿಸ್ಟಾಟಲ್ ಸುಮಾರು 2,300 ವರ್ಷಗಳ ಹಿಂದೆಯೇ ಇದನ್ನು ಗುರುತಿಸಿದ್ದ. ನಮ್ಮನ್ನೋ ನಮ್ಮವರನ್ನೋ ಯಾರೋ ನ್ಯಾಯವಿಲ್ಲದೆ ಕೀಳಾಗಿ ಕಂಡರು ಎಂಬ ನೋವು, ಅದನ್ನು ತೀರಿಸಿಕೊಳ್ಳಬೇಕು ಎಂಬ ಆಸೆ, ಇವೆರಡೂ ಸೇರಿದರೆ ಕೋಪ ಎಂದು ಆತ ಹೇಳಿದ. ಅಂದರೆ ಸಿಟ್ಟಿನ ಒಳಗೆ ಒಂದು ತೀರ್ಪು ಇರುತ್ತದೆ. 'ಇದು ಸರಿಯಲ್ಲ' ಅನ್ನುವ ತೀರ್ಪು. ಆ ತೀರ್ಪು ನಿಜವೂ ಇರಬಹುದು, ತಪ್ಪೂ ಇರಬಹುದು.

ನಮ್ಮ ಹಿರಿಯರು ಕ್ರೋಧವನ್ನು ಅರಿಷಡ್ವರ್ಗದಲ್ಲಿ, ಮನುಷ್ಯನ ಆರು ಶತ್ರುಗಳ ಪಟ್ಟಿಯಲ್ಲಿ ಸೇರಿಸಿದರು. ಹನ್ನೆರಡನೆಯ ಶತಮಾನದ ಬಸವಣ್ಣನವರು ಕಳ್ಳತನ, ಕೊಲೆ, ಸುಳ್ಳಿನ ಜೊತೆಗೇ ಮುನಿಸನ್ನೂ ಬೇಡ ಎಂದರು. ಆದರೆ ಅದೇ ಬಸವಣ್ಣನವರ ಸುತ್ತ ಸೇರಿದ ಶರಣರು ಜಾತಿಯ ಕಟ್ಟನ್ನು ಒಪ್ಪದೆ ಎದ್ದು ನಿಂತವರು. ನೆರೆಯವನ ಮೇಲೆ ಮುನಿಸು ಬೇಡ, ಅನ್ಯಾಯ ಕಂಡರೆ ಸುಮ್ನೆ ಇರುವುದೂ ಬೇಡ. ನಮ್ಮ ಪರಂಪರೆಯಲ್ಲಿ ಎರಡೂ ಒಟ್ಟಿಗೇ ಬಂದಿವೆ.

ಒಬ್ಬನ ಸಿಟ್ಟು ಮನೆಯಲ್ಲೇ ಇರುವ ತನಕ ಅದು ಅವನ ಸಮಸ್ಯೆ. 'ನನಗೆ ಹೀಗಾಯಿತು' ಅನ್ನುವುದು 'ನಮಗೆ ಹೀಗೇ ಆಗುತ್ತಿದೆ' ಎಂದಾದಾಗ ಅದು ಬೀದಿಗೆ ಬರುತ್ತದೆ. ಈ ಲೇಖನದಲ್ಲಿ ಆಕ್ರೋಶ ಎಂದು ಕರೆಯುತ್ತಿರುವುದು ಇದನ್ನೇ.

ದೇಹದಲ್ಲಿ ಆಗುವುದೇನು?

ಅಪಾಯ ಅಥವಾ ಅವಮಾನ ಎದುರಾದಾಗ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಚಿಕ್ಕ ಭಾಗ ಚುರುಕಾಗುತ್ತದೆ. ಅಡ್ರಿನಾಲಿನ್ ಹರಿಯುತ್ತದೆ. ಎದೆ ಬಡಿತ, ರಕ್ತದೊತ್ತಡ ಏರುತ್ತವೆ, ಕೈ ಬಿಗಿಯುತ್ತದೆ. ಹಣೆಯ ಹಿಂಭಾಗದ ಮಿದುಳು 'ಸ್ವಲ್ಪ ತಡಿ' ಅನ್ನಬೇಕು. ಅದಕ್ಕೆ ಸಮಯ ಬೇಕು. ನಿದ್ದೆಗೆಟ್ಟವರಿಗೆ, ಕುಡಿದವರಿಗೆ ಈ ತಡೆ ಬೇಗ ಸಡಿಲವಾಗುತ್ತದೆ.

ಸಿಟ್ಟು ಕುಕ್ಕರಿನ ಆವಿಯ ಹಾಗೆ, ಹೊರಗೆ ಬಿಟ್ಟರೆ ಕಡಿಮೆಯಾಗುತ್ತದೆ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ, ಅಲ್ವಾ? ಸಂಶೋಧನೆಗಳು ಬೇರೆಯೇ ಹೇಳುತ್ತವೆ. 2024ರಲ್ಲಿ ಅಮೆರಿಕದ ಸಂಶೋಧಕರು 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಗುದ್ದುವುದು, ಒದರುವುದು, ಓಡುವುದು ಇಂಥವು ಸಿಟ್ಟನ್ನು ಇಳಿಸಲಿಲ್ಲ. ದೇಹದ ಬಿಸಿ ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಯೋಗದಂಥವು ಇಳಿಸಿದವು. ಹಾಗಾಗಿ 'ಜನ ಒಂದು ಸಲ ಸಿಟ್ಟು ತೀರಿಸಿಕೊಳ್ಳಲಿ, ತಣ್ಣಗಾಗುತ್ತಾರೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಅಂಗಡಿಗೆ ಕಲ್ಲು ಬಿದ್ದರೆ ಎರಡನೆಯ ಕಲ್ಲು ಇನ್ನೂ ಸಲೀಸು.

ಕಾರಣ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ

1939ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಚಾರ ಮುಂದಿಟ್ಟರು. ಬೇಕಾದದ್ದಕ್ಕೆ ಅಡ್ಡಿ ಬಂದಾಗ ಮನುಷ್ಯ ಹೊಡೆಯಲು ಮುಂದಾಗುತ್ತಾನೆ. ಆದರೆ ಅಡ್ಡಿ ಮಾಡಿದವನು ಬಲಿಷ್ಠನಾಗಿದ್ದರೆ, ಅಥವಾ ಕೈಗೇ ಸಿಗದಿದ್ದರೆ, ಆ ಹೊಡೆತ ಹತ್ತಿರದ, ಮೆತ್ತಗಿನ ಇನ್ನೊಬ್ಬನ ಮೇಲೆ ತಿರುಗುತ್ತದೆ. ಅಡ್ಡಿಯಾದಾಗಲೆಲ್ಲ ಹೊಡೆದಾಟವೇ ಆಗಬೇಕಿಲ್ಲ ಎಂದು ನಂತರದವರು ತಿದ್ದಿದರು. ಆದರೆ ಸಿಟ್ಟು ದಾರಿ ಬದಲಿಸುತ್ತದೆ ಅನ್ನುವ ಭಾಗ ಗಟ್ಟಿಯಾಗಿ ಉಳಿದಿದೆ. ಕನ್ನಡದಲ್ಲಿ ಇದನ್ನು ಹೇಳಲು ಸಂಶೋಧಕರು ಬೇಕಿರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೋರಿಸಿದ ಹಾಗೆ ಅಂತ ನಮ್ಮ ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ.

ಮುಂಬೈ ಲೋಕಲ್‌ನಲ್ಲಿ ಇದು ಕಣ್ಣೆದುರೇ ಕಾಣುತ್ತದೆ. 2015ರ ಜನವರಿ 2ರ ಬೆಳಿಗ್ಗೆ ಸೆಂಟ್ರಲ್ ಲೈನಿನಲ್ಲಿ ಒಂದು ಗಾಡಿಯ ಪ್ಯಾಂಟೋಗ್ರಾಫ್ ಕೆಟ್ಟಿತು. ಅಂದರೆ ಮೇಲಿನ ತಂತಿಯಿಂದ ಕರೆಂಟ್ ಎಳೆಯುವ ಚೌಕಟ್ಟು. ಒಂದು ಗಾಡಿ ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ದಿವಾ ನಿಲ್ದಾಣದಲ್ಲಿ ಜನ ಹಳಿಗೆ ಇಳಿದರು. ಕಲ್ಲು ತೂರಾಟವಾಯಿತು, ವಾಹನಕ್ಕೆ ಬೆಂಕಿ ಬಿತ್ತು, ಮೋಟರ್‌ಮನ್ ಮೇಲೆ ಹಲ್ಲೆಯಾಯಿತು. ಗಂಟೆಗಟ್ಟಲೆ ಗಾಡಿ ಇಲ್ಲ.

ದಿವಾದವರ ಸಿಟ್ಟು ಆ ಒಂದು ಬೆಳಗಿನದಾಗಿರಲಿಲ್ಲ. ಫಾಸ್ಟ್ ಲೋಕಲ್ ನಿಲ್ಲಬೇಕು ಎಂದು ಅವರು ಕೇಳುತ್ತಲೇ ಇದ್ದರು. ದಿನವೂ ಬಾಗಿಲಿಗೆ ಜೋತು ಬಿದ್ದು ಹೋಗುವವರು. ತಡವಾದರೆ ಮಸ್ಟರಿನಲ್ಲಿ ಕೆಂಪು ಗೆರೆ, ಅರ್ಧ ದಿನದ ಸಂಬಳ ಕಟ್. ವೇಳಾಪಟ್ಟಿ ಮಾಡುವವರು, ಹೊಸ ಹಳಿಗೆ ದುಡ್ಡು ಮಂಜೂರು ಮಾಡುವವರು ಹಳಿಯ ಮೇಲೆ ಸಿಗುವುದಿಲ್ಲ. ಸಿಗುವವನು ಮೋಟರ್‌ಮನ್. ಅವನು ಕೂಡ ಸಿಗ್ನಲ್ ಬೀಳಲಿ ಅಂತ ಕಾಯುತ್ತಾ ಕೂತ ನೌಕರ.

ಈಗ ಉಡುಪಿ ಹೋಟೆಲುಗಳ ವಿಷಯಕ್ಕೆ ಬರೋಣ. ಮುಂಬೈ ಕನ್ನಡಿಗರ ಹಳೆಯ ತಲೆಮಾರಿನಲ್ಲಿ ಅರವತ್ತರ ದಶಕದ ನೆನಪು ಮಾಸಿಲ್ಲ. 1960ರಲ್ಲಿ ಬಾಳಾ ಠಾಕ್ರೆ 'ಮಾರ್ಮಿಕ್' ಎಂಬ ವಾರಪತ್ರಿಕೆ ಶುರು ಮಾಡಿದರು. ನಗರದ ಕಚೇರಿಗಳಲ್ಲಿ ಕೆಲಸದಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿ ಅದರಲ್ಲಿ ಅಚ್ಚಾಗುತ್ತಿತ್ತು. 1966ರ ಜೂನ್‌ನಲ್ಲಿ ಶಿವಸೇನೆ ಹುಟ್ಟಿತು. ಲುಂಗಿಯವರನ್ನು ಓಡಿಸಿ ಅನ್ನುವ ಘೋಷಣೆ ಕೇಳಿಬಂತು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು.

ಆ ಯುವಕರ ಸಿಟ್ಟಿಗೆ ನಿಜವಾದ ಕಾರಣ ಇತ್ತು. ತಮ್ಮದೇ ಭಾಷೆಯ ರಾಜ್ಯಕ್ಕಾಗಿ ಹೋರಾಡಿದವರು ಅವರ ಹಿರಿಯರು. ಆ ಹೋರಾಟದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಫೋರ್ಟಿನ ಹುತಾತ್ಮ ಚೌಕ ಅವರ ನೆನಪಿಗೇ ಇರುವುದು. 1960ರಲ್ಲಿ ರಾಜ್ಯ ಬಂತು, ಮುಂಬೈ ಅದರ ರಾಜಧಾನಿಯಾಯಿತು. ಆದರೆ ಓದಿದ ಮರಾಠಿ ಹುಡುಗನಿಗೆ ಕ್ಲರ್ಕ್ ಕೆಲಸ ಸಿಗುತ್ತಿರಲಿಲ್ಲ. ಕೆಲಸ ಕೊಡುವವರು ದೊಡ್ಡ ಕಂಪನಿಯವರು, ಬ್ಯಾಂಕಿನವರು. ಅವರ ಬಾಗಿಲಲ್ಲಿ ಕಾವಲುಗಾರ ಇದ್ದ. ಉಡುಪಿ ಹೋಟೆಲಿಗೆ ಕಾವಲುಗಾರ ಇರಲಿಲ್ಲ. ಅದು ಬೀದಿಗೆ ತೆರೆದಿತ್ತು, ಬೋರ್ಡ್ ನೋಡಿದರೇ ಯಾರದು ಅಂತ ಗೊತ್ತಾಗುತ್ತಿತ್ತು. ಒಳಗೆ ತಟ್ಟೆ ತೊಳೆಯುತ್ತಿದ್ದ ಹುಡುಗರು ಆ ಕ್ಲರ್ಕ್ ಕೆಲಸವನ್ನು ಕಿತ್ತುಕೊಂಡವರಲ್ಲ. ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ತಾವೂ ಒಂದು ದಿನ ಅಂಥ ಕೆಲಸ ಹಿಡಿಯಬೇಕು ಅಂದುಕೊಂಡಿದ್ದವರು.

ಗಡಿ ವಿಷಯದಲ್ಲೂ ಹೀಗೇ ಆಯಿತು. 1966ರಲ್ಲಿ ಮಹಾಜನ ಆಯೋಗ ನೇಮಕವಾಯಿತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ತೀರ್ಮಾನ ಮಾಡಬೇಕಾದವರು ದೆಹಲಿಯಲ್ಲಿದ್ದರು. 1969ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದು ಮುಂಬೈ. ಕೆಲವೇ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಇಂದಿಗೂ ಗಡಿಯ ಮಾತು ಬಂದಾಗ ಮೊದಲು ಮಸಿ ಮೆತ್ತಿಸಿಕೊಳ್ಳುವುದು ಬಸ್. 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್‌ಗಳಿಗೆ ಮಸಿ ಬಿತ್ತು, ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಎರಡೂ ಕಡೆ ಪೆಟ್ಟು ತಿಂದವರಿಗೆ ಗಡಿ ಬದಲಿಸುವ ಅಧಿಕಾರ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಕೊತ್ತಿಯನ್ನು ಜನರೇ ಆರಿಸಿಕೊಳ್ಳುವುದು ಕಡಿಮೆ. ಯಾರೋ ತೋರಿಸುತ್ತಾರೆ. ಪತ್ರಿಕೆಯ ಪಟ್ಟಿ, ಭಾಷಣದ ಒಂದು ಸಾಲು, ವಾಟ್ಸ್ಆ್ಯಪ್ಪಿನ ಒಂದು ಫೋಟೊ, ಯಾವುದಾದರೂ ಸರಿ. ಸಿಟ್ಟು ಜನರದು, ಬೆರಳು ಮಾತ್ರ ಇನ್ನೊಬ್ಬರದು.

ವಿಳಾಸ ಗೊತ್ತಿದ್ದ ಸಿಟ್ಟು

ಹಾಗಂತ ಬೀದಿಗೆ ಬಂದ ಸಿಟ್ಟೆಲ್ಲ ಕೆಟ್ಟದ್ದು ಅಂದರೆ ಈ ನಗರದ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. 1908ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ತಿಲಕರಿಗೆ ಆರು ವರ್ಷ ಗಡಿಪಾರಿನ ಶಿಕ್ಷೆ ಕೊಟ್ಟಾಗ ಗಿರಣಿ ಕೆಲಸಗಾರರು ಆರು ದಿನ ಮಗ್ಗ ನಿಲ್ಲಿಸಿದರು. ವರ್ಷಕ್ಕೊಂದು ದಿನ.

1972ರಲ್ಲಿ ಮಹಾರಾಷ್ಟ್ರದಲ್ಲಿ ಭೀಕರ ಬರ ಬಂತು. ಎಣ್ಣೆ, ಸಕ್ಕರೆ, ಸೀಮೆಎಣ್ಣೆ, ಕಾಳುಕಡಿಗಳ ಬೆಲೆ ಏರಿತು. ಮೃಣಾಲ್ ಗೋರೆ, ಅಹಿಲ್ಯಾ ರಾಂಗ್ಣೇಕರ್ ಮೊದಲಾದವರು ಸೇರಿ ಬೆಲೆ ಏರಿಕೆ ವಿರುದ್ಧ ಮಹಿಳೆಯರ ಸಮಿತಿ ಕಟ್ಟಿದರು. ಗೋರೆಗಾಂವ್‌ನ ನೀರಿಗಾಗಿ ಬಡಿದಾಡಿದ ಮೃಣಾಲ್ ಅವರನ್ನು ಜನ ಮೊದಲಿಂದಲೂ 'ಪಾಣಿವಾಲಿ ಬಾಯಿ' ಎಂದೇ ಕರೆಯುತ್ತಿದ್ದರು. ಹೆಂಗಸರು ಕೈಯಲ್ಲಿ ಲಟ್ಟಣಿಗೆ ಹಿಡಿದು, ಖಾಲಿ ತಟ್ಟೆ ಬಡಿಯುತ್ತಾ ಬೀದಿಗೆ ಬಂದರು. ಲಟ್ಟಣಿಗೆ ಯಾಕೆ? ಲಟ್ಟಿಸಲು ಹಿಟ್ಟಿಲ್ಲ, ಅದಕ್ಕೆ. ಅವರು ಬೀದಿ ಬದಿಯ ಚಿಕ್ಕ ಅಂಗಡಿಯವನನ್ನು ಹುಡುಕಿಕೊಂಡು ಹೋಗಲಿಲ್ಲ. ಮಾಲು ಬಚ್ಚಿಟ್ಟವರನ್ನು ಬಯಲಿಗೆಳೆದರು, ಸಚಿವರ ಮುಂದೆ ಹೋಗಿ ನಿಂತರು. ಕೇಳಿದ್ದೂ ಸ್ಪಷ್ಟ: ರೇಷನ್ನಿನಲ್ಲಿ ಇಷ್ಟು ಬೇಕು, ಈ ಬೆಲೆಗೆ ಬೇಕು.

ನನಗೆ ಅತ್ಯಂತ ಮುಖ್ಯ ಅನ್ನಿಸುವ ಉದಾಹರಣೆ 2018ರ ಮಾರ್ಚಿನದು. ನಾಸಿಕದಿಂದ ಹೊರಟ ರೈತರು, ಅದರಲ್ಲೂ ಅರಣ್ಯ ಭೂಮಿಯ ಹಕ್ಕಿಗಾಗಿ ಕಾದಿದ್ದ ಆದಿವಾಸಿಗಳು, ಸುಮಾರು 180 ಕಿಲೋಮೀಟರ್ ನಡೆದು ಮುಂಬೈಗೆ ಬಂದರು. ಕಾಲಿಗೆ ಬೊಬ್ಬೆ. ಎಷ್ಟೋ ಜನರ ಚಪ್ಪಲಿ ಹರಿದಿತ್ತು, ಇನ್ನೆಷ್ಟೋ ಜನರಿಗೆ ಮೊದಲೇ ಇರಲಿಲ್ಲ. ಮಾರ್ಚ್ 11ರ ಭಾನುವಾರ ಸಯನ್ ಹತ್ತಿರದ ಸೋಮಯ್ಯ ಮೈದಾನದಲ್ಲಿ ತಂಗಿದರು. ಮರುದಿನ ಬೆಳಿಗ್ಗೆ ಆಜಾದ್ ಮೈದಾನಕ್ಕೆ ಹೋಗಬೇಕಿತ್ತು. ಆದರೆ ಆ ದಿನ ಹತ್ತನೇ ತರಗತಿಯ ಪರೀಕ್ಷೆ. ಹಗಲು ಮೆರವಣಿಗೆ ಹೋದರೆ ರಸ್ತೆ ಜಾಮ್ ಆಗಿ ಮಕ್ಕಳು ಪರೀಕ್ಷೆ ತಪ್ಪಿಸಿಕೊಳ್ಳುತ್ತಾರೆ ಅಂತ ಅವರು ನಡುರಾತ್ರಿಯೇ ಮತ್ತೆ ಎದ್ದು ನಡೆದರು. ಬೆಳಕು ಹರಿಯುವ ಮೊದಲೇ ಆಜಾದ್ ಮೈದಾನ ಸೇರಿದ್ದರು.

ಆ ಜನರ ಸಿಟ್ಟು ದಿವಾದವರ ಸಿಟ್ಟಿಗಿಂತ ಕಡಿಮೆ ಇತ್ತೇ? ಖಂಡಿತ ಇಲ್ಲ. ಸಾಲ, ಬೆಳೆ ನಷ್ಟ, ತಲೆಮಾರುಗಳಿಂದ ಉಳುತ್ತಿದ್ದರೂ ಹೆಸರಿಗೆ ಬಾರದ ನೆಲ. ಆದರೆ ಅವರಿಗೆ ಹೋಗಬೇಕಾದ ಜಾಗ ಗೊತ್ತಿತ್ತು, ಕೇಳಬೇಕಾದ್ದು ಗೊತ್ತಿತ್ತು, ದಾರಿಯಲ್ಲಿ ಸಿಗುವವರು ತಮ್ಮ ಶತ್ರುಗಳಲ್ಲ ಅನ್ನುವುದೂ ಗೊತ್ತಿತ್ತು. ನಗರದವರು ನೀರು, ಊಟ, ಬಿಸ್ಕತ್ತು, ಚಪ್ಪಲಿ ತಂದುಕೊಟ್ಟರು. ಅದೇ ದಿನ ಸಂಜೆಯ ಹೊತ್ತಿಗೆ ಸರ್ಕಾರ ಬೇಡಿಕೆಗಳನ್ನು ಒಪ್ಪಿ ಲಿಖಿತ ಭರವಸೆ ಕೊಟ್ಟಿತು. ಭರವಸೆ ಪೂರ್ತಿ ಈಡೇರಲಿಲ್ಲ ಅಂತ 2019ರಲ್ಲಿ, 2023ರಲ್ಲಿ ಮತ್ತೆ ನಡೆಯಬೇಕಾಯಿತು. ಮೆರವಣಿಗೆ ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ.

ಸಿಟ್ಟಾಗುವ ಹಕ್ಕು ಯಾರಿಗೆ?

ಬಡವನ ಕೋಪ ದವಡೆಗೆ ಮೂಲ. ಈ ಗಾದೆಯಲ್ಲಿ ಇಡೀ ಸಮಾಜಶಾಸ್ತ್ರವೇ ಇದೆ. ಸಿಟ್ಟು ಎಲ್ಲರಿಗೂ ಬರುತ್ತದೆ, ತೋರಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ಹೋಟೆಲಿನ ಟೇಬಲ್ಲನ್ನೇ ನೋಡಿ. ಚಹಾ ತಣ್ಣಗಿದೆ ಅಂತ ಗಿರಾಕಿ ಕಿರುಚಬಹುದು. ಸಪ್ಲೈಯರ್ 'ಈಗ ತಂದೆ ಸಾರ್' ಅನ್ನಬೇಕು. ಚಹಾ ಮಾಡಿದವನು ಅವನಲ್ಲ, ತಡ ಮಾಡಿದವನೂ ಅವನಲ್ಲ. ಅವನು ತಿರುಗಿ ಒಂದು ಮಾತಾಡಿದರೆ ಅವತ್ತೇ ಕೆಲಸ ಹೋಗಬಹುದು. ಶಾಸಕರ ನಿವಾಸದ ಕ್ಯಾಂಟೀನಿನಲ್ಲೂ ಆದದ್ದು ಇದೇ. ಮೇಲಿನವನ ಸಿಟ್ಟು ಕೆಳಗಿನವನಿಗೆ ತಲುಪಲು ಎಲ್ಲ ದಾರಿಯೂ ತೆರೆದಿರುತ್ತದೆ. ಕೆಳಗಿನವನ ಸಿಟ್ಟಿಗೆ ಮೇಲಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಹೆಂಗಸರಿಗೂ ಹೀಗೇ. ಸಾಹೇಬರು ರೇಗಿದರೆ 'ಖಡಕ್ ಮನುಷ್ಯ' ಎನ್ನುವ ಕಚೇರಿ, ಮೇಡಂ ರೇಗಿದರೆ ಬೇರೆ ಮಾತಾಡುತ್ತದೆ.

ಸಂಘ, ಯೂನಿಯನ್ ಅಂತ ಶುರುವಾದದ್ದೇ ಈ ಅಸಮತೋಲ ಸರಿ ಮಾಡಲು. ಒಬ್ಬನೇ ಸಿಟ್ಟಾದರೆ ದವಡೆ ಹೋಗುತ್ತದೆ, ಸಾವಿರ ಜನ ಒಟ್ಟಿಗೆ ಸಿಟ್ಟಾದರೆ ಮಾತುಕತೆಗೆ ಕರೆಯುತ್ತಾರೆ. ಮಂಗಳೂರಿನಲ್ಲಿ ಹುಟ್ಟಿ, ಮುಂಬೈ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸ್ 1974ರ ಮೇ ತಿಂಗಳಲ್ಲಿ ಮುನ್ನಡೆಸಿದ ರೈಲ್ವೆ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಇದ್ದರು. 20 ದಿನ ನಡೆದ ಅದನ್ನು ಸರ್ಕಾರ ಸಾವಿರಾರು ಜನರನ್ನು ಜೈಲಿಗೆ ಹಾಕಿ ಮುರಿಯಿತು. ಸೋತ ಸಿಟ್ಟು ಅದು. ಆದರೂ ಅದರ ವಿಳಾಸ ಸರಿಯಾಗಿತ್ತು.

ಅದೇ ವರ್ಷಗಳಲ್ಲಿ ಹಿಂದಿ ತೆರೆಯ ಮೇಲೆ ಅಮಿತಾಭ್ ಬಚ್ಚನ್ 'ಆ್ಯಂಗ್ರಿ ಯಂಗ್ ಮ್ಯಾನ್' ಆಗಿ ಬಂದರು. ಸಲೀಂ-ಜಾವೇದ್ ಬರೆದ ಪಾತ್ರ. ಬಂದರಿನ ಕೂಲಿ, ಗಿರಣಿಯ ಕೆಲಸಗಾರ, ಕೆಲಸ ಸಿಗದ ಹುಡುಗ ತಮ್ಮ ಸಿಟ್ಟನ್ನು ಅಲ್ಲಿ ಕಂಡರು. ತೆರೆಯ ಮೇಲೆ ಒಬ್ಬನೇ ಎಲ್ಲವನ್ನೂ ಸರಿಪಡಿಸುತ್ತಾನೆ. ಬೀದಿಯಲ್ಲಿ ಅದು ಆಗುವುದಿಲ್ಲ.

ಸಿಟ್ಟಿಗೆ ಕಟ್ಟಿದ ಚಪ್ಪರ

ನಮ್ಮ ಕರಾವಳಿಯ ಸಂಸ್ಕೃತಿ ಸಿಟ್ಟನ್ನು ಮುಚ್ಚಿಡಲಿಲ್ಲ, ಅದಕ್ಕೊಂದು ಜಾಗ ಮಾಡಿಕೊಟ್ಟಿತು. ಭರತನ ನಾಟ್ಯಶಾಸ್ತ್ರದಲ್ಲಿ ರೌದ್ರ ಒಂದು ರಸ. ಅದರ ಬೇರು ಕ್ರೋಧ. ಯಕ್ಷಗಾನದಲ್ಲಿ ರೌದ್ರ ಅಂದರೆ ಬಣ್ಣದ ವೇಷ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ ಇಡುತ್ತಾ ಹೋದರೆ ಗಂಟೆಗಟ್ಟಲೆ ಬೇಕು. ತೆರೆಯ ಹಿಂದಿನಿಂದ ಅಟ್ಟಹಾಸ, ಚೆಂಡೆಯ ಅಬ್ಬರ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದಾಗ ಸಭಾಗೃಹದ ಹಿಂದಿನ ಸಾಲಿನ ಮಗುವೂ ಆ ಕೂಗಿಗೆ ಅಮ್ಮನ ಸೆರಗು ಹಿಡಿಯುತ್ತದೆ. ಆದರೆ ಈ ಸಿಟ್ಟಿಗೆ ತಾಳ ಇದೆ, ಭಾಗವತರ ಹಿಡಿತ ಇದೆ, ಕೊನೆಗೆ ಮಂಗಳ ಇದೆ.

ಇದಕ್ಕಿಂತಲೂ ಆಳವಾದದ್ದು ತುಳುನಾಡಿನ ಕಲ್ಕುಡ-ಕಲ್ಲುರ್ಟಿಯರ ಪಾಡ್ದನ, ಅಂದರೆ ಹಾಡಿನ ಕಥೆ. ಕಲ್ಕುಡ ಕಲ್ಲುಕುಟಿಗ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ. ಇಂಥದ್ದು ಇನ್ನೊಂದು ಕಡೆ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿಗೆ ಸಂಗತಿ ತಿಳಿಯಿತು. ಇಬ್ಬರೂ ದೈವವಾದರು. ಅರಸನ ನಾಡಿಗೆ ಕಾಟ ಕೊಟ್ಟರು, ಬೆಂಕಿ ಹಚ್ಚಿದರು. ಉಳಿದ ಒಂದೇ ಕೈಯಲ್ಲಿ ಕಲ್ಕುಡ ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತಿದ ಅಂತಲೂ ಕಥೆ ಹೇಳುತ್ತದೆ. ಇತಿಹಾಸದ ಲೆಕ್ಕ ಬೇರೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಒಬ್ಬನೇ ಎರಡನ್ನೂ ಕೆತ್ತಲು ಸಾಧ್ಯವಿಲ್ಲ. ಆದರೆ ದುಡಿದವನ ಕೈ ಕಡಿದ ಒಡೆಯನ ಮೇಲಿನ ಸಿಟ್ಟು ಸುಳ್ಳಲ್ಲವಲ್ಲ.

ಆ ಸಿಟ್ಟನ್ನು ಊರು ಏನು ಮಾಡಿತು ನೋಡಿ. ಕೊಡಿಯಡಿಯಲ್ಲಿ, ಅಂದರೆ ದೈವದ ಆರಾಧನೆ ನಡೆಯುವ ಚಪ್ಪರದಲ್ಲಿ, ಜಾಗ ಕೊಟ್ಟಿತು. ವರ್ಷಕ್ಕೊಮ್ಮೆ ನೇಮ, ಅಂದರೆ ಆ ಆರಾಧನೆ, ಮಾಡಿತು. ನಲಿಕೆ, ಪರವ, ಪಂಬದ ಸಮುದಾಯದವರು ದೈವವನ್ನು ಧರಿಸುತ್ತಾರೆ. ಉಳಿದ ದಿನಗಳಲ್ಲಿ ಅಂಗಳದ ಆಚೆ ನಿಲ್ಲಬೇಕಾಗಿದ್ದವರು. ಆ ರಾತ್ರಿ ಅವರ ಬಾಯಿಂದ ಬರುವ ನುಡಿಗೆ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನರು ಕೈಮುಗಿದು ನಿಲ್ಲಬೇಕು. ಜಾಗದ ತಕರಾರು, ಕೊಟ್ಟ ಮಾತು ತಪ್ಪಿದ್ದು, ಎಲ್ಲಕ್ಕೂ ಎಲ್ಲರೆದುರು ಉತ್ತರ ಹೇಳಬೇಕು. ಬೆಳಗಾದ ಮೇಲೆ ಹಳೆಯ ಮೇಲು-ಕೀಳು ಮತ್ತೆ ಶುರುವಾಗುತ್ತಿತ್ತು, ಅದು ಈ ವ್ಯವಸ್ಥೆಯ ದೊಡ್ಡ ಕೊರತೆ. ಆದರೂ ನೊಂದವರ ಸಿಟ್ಟನ್ನು ಕೂರಿಸಿ ಕೇಳುವ ಒಂದು ಕ್ರಮ ಇತ್ತು. ಮುಂಬೈಯಲ್ಲಿ ಎಷ್ಟೇ ದೊಡ್ಡ ವ್ಯವಹಾರ ಇದ್ದರೂ ನೇಮದ ದಿನಕ್ಕೆ ರಜೆ ಹಾಕಿ ಊರಿಗೆ ಓಡುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಫೋನಿನಲ್ಲಿ ಸಿಟ್ಟು ಯಾಕೆ ಬೇಗ ಹರಡುತ್ತದೆ?

ಫೇಸ್‌ಬುಕ್‌ನ ಒಳಗಿನ ದಾಖಲೆಗಳು 2021ರಲ್ಲಿ ಹೊರಬಂದಾಗ ಒಂದು ಸಂಗತಿ ಗೊತ್ತಾಯಿತು. 2017ರಿಂದ ಕಂಪನಿಯ ಲೆಕ್ಕದಲ್ಲಿ ಒಂದು ಲೈಕಿಗೆ ಒಂದು ಅಂಕವಾದರೆ, ಕೋಪದ ಮುಖದ ಚಿಹ್ನೆಗೆ ಐದು ಅಂಕ. ನಗು, ಪ್ರೀತಿಯ ಚಿಹ್ನೆಗಳಿಗೂ ಐದೇ. ಆದರೆ ಕೋಪ ಹುಟ್ಟಿಸುವ ಪೋಸ್ಟುಗಳಲ್ಲಿ ಸುಳ್ಳು ಸುದ್ದಿ ಜಾಸ್ತಿ ಇರುವುದು ಕಂಡುಬಂತು. 2020ರಲ್ಲಿ ಕೋಪದ ಅಂಕವನ್ನು ಸೊನ್ನೆ ಮಾಡಿದರು. ನಡುವಿನ ವರ್ಷಗಳಲ್ಲಿ ಒಂದು ಪೋಸ್ಟ್ ಎಷ್ಟು ಸಿಟ್ಟು ಬರಿಸುತ್ತದೋ ಅಷ್ಟು ಜನರ ಕಣ್ಣಿಗೆ ಬೀಳುತ್ತಿತ್ತು. ಬರೆಯುವವರೂ ಅದನ್ನು ಕಲಿತುಕೊಂಡರು.

ಇದರ ಕ್ರೂರ ರೂಪ 2018ರ ಜುಲೈನಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್ಆ್ಯಪ್ ಸಂದೇಶ ನಂಬಿ, ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಜನರನ್ನು ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯಲ್ಲೂ ಅದೇ ವದಂತಿಗೆ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದನ್ನೇ ತಪ್ಪು ತಿಳಿದು, ಹೈದರಾಬಾದಿನ ಯುವಕನೊಬ್ಬನನ್ನು ಕೊಂದರು. ಮಕ್ಕಳ ಮೇಲಿನ ಪ್ರೀತಿಯೇ ಸಿಟ್ಟಾಗಿ ತಿರುಗಿತ್ತು. ಬೆರಳು ತೋರಿಸಿದವನು ಮಾತ್ರ ಎಲ್ಲೋ ದೂರದಲ್ಲಿ ಹೆಸರಿಲ್ಲದೆ ಕೂತಿದ್ದ. ಆ ತಿಂಗಳೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು.

ಕಾನೂನು ಸಿಟ್ಟನ್ನು ಹೇಗೆ ಅಳೆಯುತ್ತದೆ?

ಸಿಟ್ಟಿನಲ್ಲಿ ಮಾಡಿದ್ದಕ್ಕೆ ಮಾಫಿ ಇದೆಯೇ? ಸ್ವಲ್ಪ ಇದೆ, ಅಳತೆ ಬಹಳ ಬಿಗಿ. ಇದಕ್ಕೆ ದೇಶದಲ್ಲೇ ಪ್ರಸಿದ್ಧವಾದ ಪ್ರಕರಣ ಮುಂಬೈಯದು. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿಗೆ ಪ್ರೇಮ್ ಅಹುಜಾ ಎಂಬವನ ಜೊತೆ ಪತ್ನಿಗಿದ್ದ ಸಂಬಂಧದ ವಿಷಯ ಪತ್ನಿಯಿಂದಲೇ ತಿಳಿಯಿತು. ಆತ ಪತ್ನಿ, ಮಕ್ಕಳನ್ನು ಮೆಟ್ರೊ ಸಿನಿಮಾದಲ್ಲಿ ಬಿಟ್ಟರು. ಹಡಗಿಗೆ ಹೋಗಿ ರಿವಾಲ್ವರ್ ಪಡೆದರು. ಅಹುಜಾ ಮನೆಗೆ ಹೋದರು. ಅಹುಜಾ ಗುಂಡೇಟಿಗೆ ಸತ್ತ. ಜನರ ಅನುಕಂಪವೆಲ್ಲ ನಾನಾವತಿ ಕಡೆ ಇತ್ತು. ಜ್ಯೂರಿ, ಅಂದರೆ ಸಾಮಾನ್ಯ ಜನರಿಂದ ಆರಿಸಿದ ತೀರ್ಪುಗಾರರ ತಂಡ, 8-1ರಲ್ಲಿ ನಿರ್ದೋಷಿ ಎಂದಿತು.

ಹೈಕೋರ್ಟ್ ಒಪ್ಪಲಿಲ್ಲ. 1961ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಗಂಭೀರವಾದ, ದಿಢೀರ್ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆಗಿಂತ ಕಡಿಮೆ ಅಪರಾಧ. ಆದರೆ ಇಲ್ಲಿ ಮನೆ ಬಿಟ್ಟದ್ದಕ್ಕೂ ಗುಂಡು ಹಾರಿಸಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಇತ್ತು. ಮನಸ್ಸು ತಣಿಯಲು, ಯೋಚಿಸಲು ಅಷ್ಟು ಸಮಯ ಸಾಕು ಎಂದಿತು ಕೋರ್ಟು. 1964ರಲ್ಲಿ ರಾಜ್ಯಪಾಲರು ಕ್ಷಮಾದಾನ ಕೊಟ್ಟರು, ಅದು ಬೇರೆ ಮಾತು. ಆ ಅಳತೆಗೋಲು ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆ ಒಂದು ಹೊಸ ಮಾತನ್ನೂ ಸೇರಿಸಿದೆ. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟೂರು ಮೊದಲಾದ ಕಾರಣಕ್ಕೆ ಒಬ್ಬರನ್ನು ಕೊಂದರೆ, ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. 'ನಾನೊಬ್ಬನೇ ಅಲ್ಲವಲ್ಲ' ಅನ್ನುವ ನೆಪಕ್ಕೆ ಅಲ್ಲಿ ಬೆಲೆ ಇಲ್ಲ.

ಠಾಣೆಯ ಬಾಗಿಲು ತೆರೆಯದಿದ್ದಾಗ

2024ರ ಆಗಸ್ಟ್ 20ರಂದು ಬದ್ಲಾಪುರದಲ್ಲಿ ಸಾವಿರಾರು ಜನ ಹಳಿಯ ಮೇಲೆ ಕೂತರು. ಶಾಲೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾಗಿತ್ತು. ದೂರು ಕೊಡಲು ಹೋದ ಹೆತ್ತವರನ್ನು ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಿಸಿದರು ಎಂಬುದು ಜನರನ್ನು ಇನ್ನೂ ಕೆರಳಿಸಿತು. ದಿನವಿಡೀ ರೈಲು ನಿಂತಿತು. ಪೊಲೀಸರ ಅಮಾನತು, ವಿಶೇಷ ತನಿಖಾ ತಂಡ, ಎಲ್ಲ ಆಮೇಲೆ ಬಂದವು. ಸೆಪ್ಟೆಂಬರಿನಲ್ಲಿ ಆರೋಪಿ ಪೊಲೀಸ್ ವಾಹನದಲ್ಲೇ ಗುಂಡೇಟಿಗೆ ಸತ್ತ. ಕೆಲವರು ಪಟಾಕಿ ಹೊಡೆದರು. 2025ರ ಜನವರಿಯಲ್ಲಿ ಹೈಕೋರ್ಟಿನ ಮುಂದೆ ಬಂದ ಮ್ಯಾಜಿಸ್ಟ್ರೇಟ್ ವರದಿ ಆ ಸಾವಿಗೆ ಐವರು ಪೊಲೀಸರನ್ನು ಹೊಣೆ ಮಾಡಿತು. ಆ ಮಕ್ಕಳ ಪ್ರಕರಣದಲ್ಲಿ ಆರೋಪಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೊಡುವ ಅವಕಾಶವೇ ಹೋಯಿತು. ಪಟಾಕಿ ಹೊಡೆದವರು ಇದನ್ನು ಯೋಚಿಸಿದ್ದರೋ ಇಲ್ಲವೋ.

ಹಳಿಗೆ ಇಳಿಯುವ ಮೊದಲು ತಟ್ಟಬಹುದಾದ ಬಾಗಿಲುಗಳು ಯಾವುವು ಅನ್ನುವುದು ನಮ್ಮ ಹೋಟೆಲ್ ಹುಡುಗರಿಗೆ, ಹೊಸದಾಗಿ ಊರು ಬಿಟ್ಟು ಬಂದವರಿಗೆ ಗೊತ್ತಿರಬೇಕು. ಮುಂಬೈ ಠಾಣೆಗಳಲ್ಲಿ 'ಎನ್‌ಸಿ' ಅಂತ ಬರೆದು ಕಳಿಸುವುದುಂಟು. ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡಲಾಗದ ಸಣ್ಣ ಅಪರಾಧ. ಕ್ಯಾಂಟೀನ್ ಪ್ರಕರಣದಲ್ಲೂ ಮೊದಲು ದಾಖಲಾದದ್ದು ಎನ್‌ಸಿಯೇ. ಗಂಭೀರ ಅಪರಾಧವಾದರೆ ಎಫ್‌ಐಆರ್ ಬರೆದುಕೊಳ್ಳಲೇಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯದು ಅಂತ ತಿರುಗಿ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಇದನ್ನೇ ಜೀರೊ ಎಫ್‌ಐಆರ್ ಅನ್ನುವುದು. ಠಾಣೆಯವರು ಒಪ್ಪದಿದ್ದರೆ ಮೇಲಿನ ಅಧಿಕಾರಿಗೆ, ಮುಂಬೈಯಲ್ಲಾದರೆ ಆ ವಲಯದ ಡಿಸಿಪಿಗೆ, ದೂರನ್ನು ಬರಹದಲ್ಲಿ ಅಂಚೆ ಮೂಲಕ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಬರೆಯಲು ಬಾರದವರು ಬಾಯಲ್ಲೇ ಹೇಳಬಹುದು. ಪೊಲೀಸರು ಅದನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಬೇಕು. ಎಫ್‌ಐಆರ್‌ನ ಒಂದು ಪ್ರತಿಯನ್ನು ದೂರು ಕೊಟ್ಟವರಿಗೆ ದುಡ್ಡು ಕೇಳದೆ ಕೊಡಬೇಕು.